ನಾಲ್ಕನೇ ಕ್ರೇನ್ ಬ್ಯಾಂಡಿನ ಮೊದಲ ರೆಕಾರ್ಡು

ಶ್ಟಿಪ್, 9 ಅಕ್ಟೋಬರ್ 1983

ಸಿನಿಶಾ,

ತಲೆ ಬೋಳಿಸಿದ್ದಾರೆ. ಈ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಯಾರಿಂದಲೋ ಕೇಳಿ ನೀನು ಇನ್ನೂ ಜೋರಾಗಿ ನಗುತ್ತೀಯ. ಸಮುದ್ರದ ಊರಿನವರನ್ನು ಬೆಟ್ಟಕ್ಕೆ, ಬೆಟ್ಟದವರನ್ನು ಸಮುದ್ರಕ್ಕೆ ಕಳಿಸುವುದು ನಮ್ಮ ಸೈನ್ಯದ ಪದ್ಧತಿಯಲ್ಲವೇ, ಹಾಗಾಗಿ ರಿಯೆಕಾದವನಾದ ನನಗೆ ಮೆಸಿಡೋನಿಯಾ ಬಂತು. ಎರಡು ದಿನದ ರೈಲು. ಕೋಣೆಯಲ್ಲಿ ಇಪ್ಪತ್ತೆಂಟು ಮಂದಿ, ಮಧ್ಯಾಹ್ನ ಹುರುಳಿಕಾಯಿ ಬೀಜದ ಸಾರು, ಸಂಜೆ ಮಧ್ಯಾಹ್ನದ್ದೇ ಸಾರು.

ಮೊದಲ ದಿನ ಸಾಲಾಗಿ ನಿಲ್ಲಿಸಿ, ಸಂಗೀತ ಗೊತ್ತಿರುವವರು ಮುಂದೆ ಬನ್ನಿ ಎಂದರು. ಹೋದೆ. ವಾದ್ಯವೃಂದಕ್ಕೆ ಸೇರಿಸುತ್ತಾರೆಂದು ನಾನು ಬೀಗುತ್ತಿದ್ದರೆ, ಸಂದೇಶ ದಳಕ್ಕೆ ಹಾಕಿದರು. ಕಿವಿ ಚುರುಕಿದ್ದವರಿಗೆ ಮೋರ್ಸ್ ಸಂಕೇತ ಬೇಗ ಹತ್ತುತ್ತದಂತೆ. ದಿನವಿಡೀ ಗಿಡ್ಡ, ಉದ್ದ, ಗಿಡ್ಡ.

ನಿನಗೆ ಯಾವ ಊರು ಬಂತು? ಇನ್ನೂ ತಿಳಿಸಿಲ್ಲ. ಒಂದೇ ಬೆಳಿಗ್ಗೆ, ಒಂದೇ ಕಿಟಕಿಯಲ್ಲಿ ಅರ್ಜಿ ಕೊಟ್ಟವರು ನಾವು. ನನ್ನ ಕರೆ ಬಂದ ವಾರದಲ್ಲೇ ನಿನ್ನದೂ ಬರಬೇಕಿತ್ತು. ಕಡ್ಡಾಯ ಸೈನ್ಯಸೇವೆಗೆ ಒಬ್ಬರಾದ ಮೇಲೊಬ್ಬರು ಹೋದರೆ ನಮ್ಮ ಬ್ಯಾಂಡು ಮೂವತ್ತು ತಿಂಗಳು ಮಲಗುತ್ತದೆ, ಒಟ್ಟಿಗೆ ಹೋದರೆ ಹದಿನೈದೇ ತಿಂಗಳು ಎಂದು ಹೇಳಿದವನು ನೀನು. ಎಡೊ ತನ್ನ ಸೈನ್ಯ ಮುಗಿಸಿ ಬಂದಿದ್ದಾನೆ, ಅವನ ಡ್ರಮ್ಸು ನಮಗಾಗಿ ಕಾಯುತ್ತದೆ ಎಂದವನೂ ನೀನೇ. ನೀನು ಪರೀಕ್ಷೆಗಳಲ್ಲಿ ನಪಾಸಾಗಿದ್ದರಿಂದ ನಿನ್ನ ಸರದಿ ಹೇಗೂ ಬಂದಿತ್ತು. ನನ್ನನ್ನು ಹಡಗು ಕಟ್ಟುವ ಓದು ಮುಗಿಯುವವರೆಗೆ, ಅಂದರೆ ಇನ್ನೂ ಮೂರು ವರ್ಷ, ಯಾರೂ ಕೇಳುತ್ತಿರಲಿಲ್ಲ. ಆದರೂ ಕಾಲೇಜಿನಲ್ಲಿ ಹೆಸರು ತೆಗೆಸಿದೆ. ಇದನ್ನು ಚುಚ್ಚಲು ಹೇಳುತ್ತಿಲ್ಲ. ನಿನಗೆ ಬಂದ ಊರಿನ ವಿಳಾಸ ಬೇಗ ಕಳಿಸು ಎಂದು ಹೇಳುತ್ತಿದ್ದೇನೆ.

ಟೋಪಿ ದೊಡ್ಡದಾದ
ಲಿವಿಯೊ


ರಿಯೆಕಾ, 2 ನವೆಂಬರ್ 1983

ಪ್ರೀತಿಯ ಬೋಳುತಲೆ,

ಬೈಯಬೇಡ. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು. ಇಲ್ಲಿ ಹತ್ತು ದಿನದಿಂದ ದಕ್ಷಿಣದ ಗಾಳಿ. ಊರಿಗೆ ಊರೇ ತಲೆನೋವು ಎನ್ನುತ್ತಿದೆ, ಬೇಕರಿಯವಳು ಗಿರಾಕಿಗಳ ಮೇಲೆ ರೇಗುತ್ತಿದ್ದಾಳೆ. ಎಡೊ ಹಡಗು ಕಟ್ಟೆಯ ಕೆಲಸ ಮುಗಿಸಿ ನೇರ ನೆಲಮಾಳಿಗೆಗೆ ಬರುತ್ತಾನೆ, ಇಬ್ಬರೂ ಒಂದಿಷ್ಟು ಬಾರಿಸುತ್ತೇವೆ, ನಿನ್ನ ಬೇಸ್ ಗಿಟಾರ್ ಇಲ್ಲದೆ ಅದು ಉಪ್ಪಿಲ್ಲದ ಅಡುಗೆ.

ನನ್ನ ವಿಷಯ ಸ್ವಲ್ಪ ಗೋಜಲಾಗಿದೆ. ವೈದ್ಯಕೀಯ ಮಂಡಳಿಯವರು ನನ್ನ ಬೆನ್ನುಮೂಳೆಯ ಎಕ್ಸ್‌ರೇ ನೋಡಿ ತಲೆ ಅಲ್ಲಾಡಿಸಿದರು. ಸದ್ಯಕ್ಕೆ ಅನರ್ಹ, ಎರಡು ವರ್ಷ ಬಿಟ್ಟು ನೋಡೋಣ ಅಂದರು. ಅವರ ಜೊತೆ ಜಗಳವಾಡಲಿಕ್ಕಾಗುತ್ತದೆಯೇ? ಈ ದೇಶದಲ್ಲಿ ಸೈನ್ಯಕ್ಕೆ ಸೇರಿಸಿಕೊಳ್ಳಿ ಎಂದು ಕಾಲು ಹಿಡಿದವರನ್ನು ನೀನು ನೋಡಿದ್ದೀಯಾ? ಆದರೂ ನಿನ್ನ ಮುಖ ನೆನೆದು ಸಂಕಟವಾಗುತ್ತದೆ.

ನಿನ್ನ ಪ್ರಮಾಣವಚನದ ದಿನ ನಿಮ್ಮಮ್ಮನ ಜೊತೆ ಬರುತ್ತೇನೆಂದು ಹೇಳಿದ್ದೆ, ಹೌದು. ಬೆನ್ನಿಗೆ ಅಷ್ಟು ದೂರದ ರೈಲು ಬೇಡವೆಂದರು. ನಿನ್ನ ಜಾಗ ನಿನ್ನದೇ. ಅದನ್ನು ಬರೆದು ಕೊಡಬೇಕೇ? ಇಗೋ, ಬರೆದಿದ್ದೇನೆ.

ನಿನ್ನ
ಸಿನಿಶಾ


ಶ್ಟಿಪ್, 21 ನವೆಂಬರ್ 1983

ಸಿನಿಶಾ,

ಅಮ್ಮ ಒಬ್ಬಳೇ ಬಂದಳು. ಹುರಿದ ಕುರಿಮಾಂಸ, ಅಕ್ರೋಟಿನ ಸುರುಳಿ ರೊಟ್ಟಿ, ಮೂರು ಜೊತೆ ಉಣ್ಣೆಯ ಕಾಲುಚೀಲ ತಂದಿದ್ದಳು. ನೀನು ಯಾಕೆ ಬರಲಿಲ್ಲವೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: "ಪಾಪ, ಆ ಹುಡುಗನಿಗೆ ಬೆನ್ನು ನೋವಂತೆ ಕಣೋ."

ನಿನ್ನ ಬೆನ್ನಿನ ಬಗ್ಗೆ ನನಗೂ ಮರುಕವಿದೆ. ಹೋದ ವಸಂತದಲ್ಲಿ ಎಡೊನ ದೊಡ್ಡ ಡ್ರಮ್ಮನ್ನು ಒಬ್ಬನೇ ಹೊತ್ತು ಮೂರು ಮಹಡಿ ಹತ್ತಿದ ಬೆನ್ನು ಅದೇ ತಾನೇ? ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಆದರೆ ಎಕ್ಸ್‌ರೇ ಯಾರ ಮುಲಾಜೂ ನೋಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನೀನಾದರೂ ಅಲ್ಲಿ ಉಳಿದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ. ಹೊಸ ಹಾಡು ಬರೆದಿಡು.

ಜೊತೆಗೆ ಚೌಕುಳಿ ಹಾಳೆ ಇಟ್ಟಿದ್ದೇನೆ. "ಉಪ್ಪಿನ ಮೂಟೆ" ಹಾಡಿಗೆ ಹೊಸ ಬೇಸ್ ನಡೆ. ಸ್ವರಲಿಪಿ ನನಗೆ ಬಾರದು, ಗೊತ್ತಲ್ಲ. ನಾಲ್ಕು ಗೆರೆ ನಾಲ್ಕು ತಂತಿ, ಅಂಕಿ ಎಂದರೆ ಬೆರಳಿಡುವ ಮನೆ. ಮೋರ್ಸ್ ತರಗತಿಯಲ್ಲಿ ಮೇಜಿನ ಮೇಲೆ ಬೆರಳಾಡಿಸುತ್ತಾ ಹುಟ್ಟಿದ್ದು. ಇಡೀ ದಳದಲ್ಲಿ ನನಗಿಂತ ವೇಗವಾಗಿ ಸಂದೇಶ ಕಳಿಸುವವರಿಲ್ಲ. ನಿಧಾನ ಮಾಡು, ಆ ಕಡೆಯವನು ಬರೆದುಕೊಳ್ಳಬೇಕಲ್ಲ ಎಂದು ಸಾರ್ಜೆಂಟ್ ದಿನವೂ ಗೊಣಗುತ್ತಾನೆ.

ಈ ನಡೆಯನ್ನು ಎಡೊಗೆ ತೋರಿಸು. ಬೇರೆ ಯಾರಿಗೂ ಬೇಡ.

ಲಿವಿಯೊ


ರಿಯೆಕಾ, 12 ಫೆಬ್ರವರಿ 1984

ಲಿವಿಯೊ,

ಮೂರು ತಿಂಗಳು ಬರೆಯಲಿಲ್ಲ, ತಪ್ಪು ನನ್ನದು. ಈಗ ಬರೆಯುತ್ತಿರುವುದು ಸುಲಭದ ಪತ್ರವಲ್ಲ, ಕೂತು ಓದು.

ಡಿಸೆಂಬರಿನಲ್ಲಿ ಯುವಜನ ಭವನದಲ್ಲಿ ಒಂದು ಕಾರ್ಯಕ್ರಮವಿತ್ತು. ನಾವು ಇಬ್ಬರೇ ಹೇಗೆ ಹೋಗುವುದು? ಸಂಗೀತ ಶಾಲೆಯಲ್ಲಿ ದೊಡ್ಡ ಡಬಲ್ ಬೇಸ್ ಕಲಿಯುತ್ತಿರುವ ನೀವೆಸ್ ಎಂಬ ಹುಡುಗಿ ಇದ್ದಾಳೆ, ಇಪ್ಪತ್ತು ವರ್ಷ, ತುಂಬ ಮಾತಿಲ್ಲ. ಒಂದೇ ಒಂದು ಸಂಜೆಗೆಂದು ಕರೆದೆವು. ಜಾಗ್ರೆಬಿನ ರೆಕಾರ್ಡು ಕಂಪನಿಯವನು ಆ ದಿನ ಸಭೆಯಲ್ಲಿದ್ದನಂತೆ. ನಮ್ಮ ದೇಶದಲ್ಲಿ ಹೀಗೆ ಕುಣಿಸುವ ಫಂಕ್ ರಾಕ್ ಬಾರಿಸುವವರು ಬೆರಳೆಣಿಕೆ, ಇದನ್ನು ತಡಮಾಡದೆ ರೆಕಾರ್ಡ್ ಮಾಡಬೇಕು ಅಂದ. ನಮ್ಮ ಹುಡುಗ ಸೈನ್ಯದಲ್ಲಿದ್ದಾನೆ, ಮುಂದಿನ ಡಿಸೆಂಬರಿಗೆ ಬರುತ್ತಾನೆ ಅಂದೆ. ಅವನು ಆಗದೆಂದು ಕೈಯಾಡಿಸಿದ. ಸೈನ್ಯದ ಕರೆ ಬಂದು ಅವನ ಎರಡು ಬ್ಯಾಂಡುಗಳು ಅರ್ಧಕ್ಕೇ ಮುರಿದಿವೆಯಂತೆ. "ಹುಡುಗಿನ ಸೈನ್ಯಕ್ಕೆ ಕರೆಯಲ್ಲ, ಅದು ನಂಗೆ ಬೇಕಾಗಿರೋದು" ಎಂದು ಮುಖಕ್ಕೇ ಹೇಳಿದ.

ನಿನ್ನನ್ನು ಕೇಳದೆ ನಾನು ಹೂಂ ಅನ್ನುವುದಿಲ್ಲ. ನೀನು ಬೇಡವೆಂದರೆ ಬೇಡ. ಅಷ್ಟೇ.

ಉತ್ತರಕ್ಕೆ ಕಾಯುತ್ತಾ,
ಸಿನಿಶಾ


ಶ್ಟಿಪ್, 20 ಫೆಬ್ರವರಿ 1984

ಸಿನಿಶಾ,

ಬೇಡ.

ಕೇಳಿದ್ದೀಯ, ಹೇಳುತ್ತಿದ್ದೇನೆ. ದೊಡ್ಡ ಮನಸ್ಸು ಮಾಡಿ ಮಾಡಿಕೊಳ್ಳಿರಪ್ಪಾ ಎಂದು ನಾನು ಬರೆಯಲಿ ಎಂದು ನೀನು ಕಾಯುತ್ತಿದ್ದರೆ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಒಂಬತ್ತು ಹಾಡುಗಳಲ್ಲಿ ಆರು ನನ್ನ ಬೇಸ್ ನಡೆಯಿಂದಲೇ ಹುಟ್ಟಿದವು. ನನ್ನ ಹತ್ತಿರ ಈಗ ಬೇರೇನೂ ಇಲ್ಲ, ಕಾಲೇಜೂ ಇಲ್ಲ. ಹತ್ತು ತಿಂಗಳು ಕಾಯಿರಿ. ಆ ಕಂಪನಿಯವನು ಕಾಯದಿದ್ದರೆ ಇನ್ನೊಬ್ಬ ಬರುತ್ತಾನೆ.

ಲಿವಿಯೊ


ರಿಯೆಕಾ, 3 ಜೂನ್ 1984

ಲಿವಿಯೊ ಅವರಿಗೆ,

ನೀವು ನನ್ನನ್ನು ನೋಡಿಲ್ಲ. ನಾನು ನೀವೆಸ್, "ನಾಲ್ಕನೇ ಕ್ರೇನ್" ಬ್ಯಾಂಡಿನಲ್ಲಿ ಈಗ ಬೇಸ್ ನುಡಿಸುತ್ತಿರುವವಳು. ನಿಮ್ಮ ವಿಳಾಸವನ್ನು ನಿಮ್ಮ ಅಮ್ಮನಿಂದ ತೆಗೆದುಕೊಂಡೆ.

ನಮ್ಮ ರೆಕಾರ್ಡು ಬಂದು ಮೂರು ವಾರವಾಯಿತು. "ಭಾರ ಇಳಿಸು" ಎಂದು ಹೆಸರು. ರೇಡಿಯೊದಲ್ಲಿ ದಿನಕ್ಕೆ ನಾಲ್ಕು ಸಲ "ಉಪ್ಪಿನ ಮೂಟೆ" ಹಾಕುತ್ತಾರೆ, ಬೆಲ್‌ಗ್ರೇಡಿನಲ್ಲಿ ಮೊದಲ ಮುದ್ರಣ ಖಾಲಿಯಂತೆ. ನಿಮಗೆ ಒಂದು ಪ್ರತಿ ಇದರ ಜೊತೆ ಕಳಿಸಿದ್ದೇನೆ, ಬೇರೆ ಯಾರೂ ಕಳಿಸಿರಲಿಕ್ಕಿಲ್ಲ.

ನೀವೇ ಬ್ಯಾಂಡು ಬಿಟ್ಟಿರಿ ಎಂದು ನನಗೆ ಹೇಳಿದ್ದರು. ನಂಬಿದ್ದೆ. ಮೊನ್ನೆ ಮೀನು ಮಾರುಕಟ್ಟೆಯಲ್ಲಿ ನಿಮ್ಮ ಅಮ್ಮ ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು. "ನನ್ನ ಮಗ ಬರೋವರೆಗೂ ಅವನ ಜಾಗ ನೋಡ್ಕೋತಿದ್ದೀಯಲ್ಲ, ನಿಂಗೆ ಒಳ್ಳೇದಾಗಲಿ ತಾಯಿ" ಅಂದರು. ಹೂಂ ಎಂದು, ನಿಮ್ಮ ವಿಳಾಸ ಕೇಳಿಕೊಂಡು ಬಂದುಬಿಟ್ಟೆ. ಅದಕ್ಕೇ ಈ ಪತ್ರ.

ಆ ಹಾಡನ್ನು ನಿಮ್ಮ ಚೌಕುಳಿ ಹಾಳೆ ನೋಡಿಯೇ ನುಡಿಸಿದೆ. ಒಂದು ಸ್ವರವನ್ನೂ ಬದಲಿಸಿಲ್ಲ. ರೆಕಾರ್ಡಿನ ಹೊದಿಕೆಯ ಹಿಂದೆ ಕೊನೆಯ ಸಾಲಿನಲ್ಲಿ ನಿಮ್ಮ ಹೆಸರಿದೆ, ವ್ಯಾನಿನ ಚಾಲಕರಿಗೂ ನೆಲಮಾಳಿಗೆಯ ಯಜಮಾನಿಗೂ ನಡುವೆ, ಕೃತಜ್ಞತೆಗಳಲ್ಲಿ.

ಏನು ಹೇಳಬೇಕೋ ತಿಳಿಯುತ್ತಿಲ್ಲ. ಬೈಯಬೇಕೆನಿಸಿದರೆ ನನ್ನ ವಿಳಾಸ ಲಕೋಟೆಯ ಹಿಂದಿದೆ.

ನೀವೆಸ್ ಗ್ರಾಬಾರ್


ಶ್ಟಿಪ್, 17 ಜೂನ್ 1984

ನೀವೆಸ್ ಅವರಿಗೆ,

ಬೈಯುವುದಿಲ್ಲ. ರೆಕಾರ್ಡು ಮುರಿಯದೆ ಬಂತು. ಹೋದ ಭಾನುವಾರ ಮಧ್ಯಾಹ್ನ ಸೈನಿಕರ ಕ್ಲಬ್ಬಿನಲ್ಲಿ ಹಾಕಿದೆವು. ನಮ್ಮ ಕೋಣೆಯ ತುಜ್ಲಾ ಊರಿನವನೊಬ್ಬ ಪೊರಕೆ ಹಿಡಿದು ಕುಣಿದ, ಮಿಕ್ಕವರು ಬೆಂಚು ಬಡಿದರು. ನಾಲ್ಕು ಸಲ ಹಾಕಿಸಿದರು. ನನ್ನ ಊರಿನ ಬ್ಯಾಂಡು ಎಂದಷ್ಟೇ ಹೇಳಿದ್ದೆ, ಹೆಚ್ಚೇನೂ ಹೇಳಲಿಲ್ಲ.

ಹೊದಿಕೆಯಲ್ಲಿ ರೆಕಾರ್ಡಿಂಗ್ ದಿನಾಂಕವಿದೆ: ಜನವರಿ 16ರಿಂದ 29. ಸಿನಿಶಾ ನನ್ನ ಒಪ್ಪಿಗೆ ಕೇಳಿ ಬರೆದದ್ದು ಫೆಬ್ರವರಿ 12ಕ್ಕೆ. ಇದು ನಿಮಗೆ ಸಂಬಂಧಿಸಿದ್ದಲ್ಲ, ಸುಮ್ಮನೆ ಹೇಳಿದೆ.

ನಿಮ್ಮನ್ನು ಕೇಳಬೇಕಾದದ್ದು ಬೇರೆ. ಹಾಳೆಯಲ್ಲಿರುವ ಸ್ವರಗಳೆಲ್ಲ ನನ್ನವೇ, ಆದರೆ ನಾನು ಹಾಗೆ ನುಡಿಸುತ್ತಿರಲಿಲ್ಲ. ಎಡೊನ ಪೆಟ್ಟು ಬೀಳುತ್ತದೆ, ಆಮೇಲೆ ಕೂದಲೆಳೆಯಷ್ಟು ತಡೆದು ನೀವು ಬರುತ್ತೀರಿ. ಆ ಎಳೆಯಷ್ಟು ಸಂದಿನಲ್ಲೇ ತುಜ್ಲಾದವನು ಕುಣಿದದ್ದು. ನನ್ನ ಹಳೆಯ ಟೇಪುಗಳನ್ನು ಮನಸ್ಸಿನಲ್ಲಿ ತಿರುಗಿಸಿ ನೋಡಿದೆ: ನಾನು ಪ್ರತಿ ಸಲವೂ ಎಡೊಗಿಂತ ಮೊದಲೇ ಬಂದು ನಿಂತಿರುತ್ತೇನೆ. ಹಾಗೆ ತಡೆಯುವುದನ್ನು ನಿಮಗೆ ಯಾರಾದರೂ ಹೇಳಿಕೊಟ್ಟರೋ, ನಿಮ್ಮ ಕೈಯ ಸ್ವಭಾವವೋ? ನನ್ನ ಮನಸ್ಸಿಗೆ ನೋವಾದೀತೆಂದು ಸುಳ್ಳು ಬರೆಯಬೇಡಿ. ಸುಳ್ಳು ಈಗಾಗಲೇ ಸಾಕಷ್ಟಿದೆ.

ಲಿವಿಯೊ ಸುಪೆರಿನಾ


ರಿಯೆಕಾ, 1 ಜುಲೈ 1984

ಲಿವಿಯೊ ಅವರಿಗೆ,

ಕೇಳಿದ್ದೀರಿ, ಹೇಳುತ್ತೇನೆ. ಕೈಯ ಸ್ವಭಾವ ನನ್ನದೇ. ಆದರೆ ಮೊದಲ ದಿನವೇ ಎಡೊ ಹೇಳಿದ ಮಾತು ಇದು: "ಲಿವಿಯೊ ಥರ ಓಡ್ಬೇಡ ಮಾರಾಯ್ತಿ. ಅವನ ಹಿಂದೆ ಓಡಿ ಓಡಿ ನಂಗೆ ಸಾಕಾಗಿದೆ." ಸಿನಿಶಾ ನೆಲ ನೋಡುತ್ತಿದ್ದ.

ಕಂಪನಿಯವನು ನಿಮ್ಮ ಟೇಪನ್ನು ಹೋದ ವರ್ಷ ಏಪ್ರಿಲಿನಲ್ಲೇ ಕೇಳಿದ್ದನಂತೆ. ಹಾಡು ಚೆನ್ನಾಗಿವೆ, ಬೇಸ್ ನುಡಿಸುವವನ ತಾಳ ಓಡುತ್ತದೆ, ಅವನನ್ನು ಬದಲಾಯಿಸಿ ಬನ್ನಿ ಎಂದು ಆಗಲೇ ಇವರಿಗೆ ಹೇಳಿ ಕಳಿಸಿದ್ದ. ಇದನ್ನು ಅವನೇ ಜನವರಿಯಲ್ಲಿ, ನಾನು ಸಹಿ ಹಾಕುವಾಗ, ಹೆಮ್ಮೆಯ ವಿಷಯವೆಂಬಂತೆ ನನಗೆ ಹೇಳಿದ. ಅದೇ ದಿನ ಸಿನಿಶಾ ತನಗೆ ಸೈನ್ಯದ ಕರೆ ಬರುವುದಿಲ್ಲವೆಂದು ತೋರಿಸಲು ವೈದ್ಯರ ಕಾಗದ ಮೇಜಿನ ಮೇಲಿಟ್ಟ. ದಿನಾಂಕ ನೋಡಿದೆ: 19 ಆಗಸ್ಟ್ 1983. ನೀವು ಸೆಪ್ಟೆಂಬರಿನಲ್ಲಿ ಹೊರಟಿರಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ಹತ್ತು ದಿನ ಯೋಚಿಸಿದೆ. ನನಗೆ ನಾಚಿಕೆಯಾಗುತ್ತಿದೆ. ಆದರೆ ಬ್ಯಾಂಡು ಬಿಡುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಥ ಹಾಡುಗಳು ನನಗೆ ಇನ್ನೊಮ್ಮೆ ಸಿಗುವುದಿಲ್ಲ.

ನೀವೆಸ್


ಶ್ಟಿಪ್, 15 ಸೆಪ್ಟೆಂಬರ್ 1984

ಸಿನಿಶಾ,

ಇಲ್ಲಿ ಕೊನೆಯ ನೂರು ದಿನ ಉಳಿದಾಗ ದರ್ಜಿಯ ಅಳತೆ ಟೇಪು ಇಟ್ಟುಕೊಂಡು ದಿನಕ್ಕೆ ಒಂದು ಸೆಂಟಿಮೀಟರ್ ಕತ್ತರಿಸುತ್ತಾರೆ. ನನ್ನದು ತೊಂಬತ್ತಮೂರರಲ್ಲಿದೆ. ಆಗಸ್ಟಿನಲ್ಲಿ ಹತ್ತು ದಿನ ರಜೆ ಸಿಕ್ಕಿತ್ತು, ಊರಿಗೆ ಬರಲಿಲ್ಲ. ತುಜ್ಲಾದವನ ಜೊತೆ ಓಹ್ರಿದ್ ಸರೋವರಕ್ಕೆ ಹೋಗಿ ಮೀನು ತಿಂದು ಮಲಗಿದೆ. ಅಮ್ಮನಿಗೆ ರಜೆಯೇ ಸಿಗಲಿಲ್ಲವೆಂದು ಬರೆದೆ. ನಿನ್ನಿಂದ ಕಲಿತದ್ದು ವ್ಯರ್ಥವಾಗಲಿಲ್ಲ.

ರೆಕಾರ್ಡಿನ ಬಗ್ಗೆ ಕೇಳುವುದಿಲ್ಲ, ಬೇಸಿನ ಬಗ್ಗೆಯೂ ಕೇಳುವುದಿಲ್ಲ. ಒಂದೇ ವಿಷಯ. ನಿನ್ನ ವೈದ್ಯರ ಕಾಗದ ಆಗಸ್ಟ್ 19ರದು. ನಾನು ಕಾಲೇಜಿನಲ್ಲಿ ಹೆಸರು ತೆಗೆಸಿದ್ದು ಆಗಸ್ಟ್ 22, ಸೋಮವಾರ. ನೀನು ಜೊತೆಗೆ ಬಂದಿದ್ದೆ, ಬಾಗಿಲ ಹೊರಗೆ ನಿಂತಿದ್ದೆ. ಆಮೇಲೆ ಇಬ್ಬರೂ ಸೈನ್ಯದ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು, ನಿನ್ನದು ನಡೆಯುವುದಿಲ್ಲವೆಂದು ನಿನಗೆ ಗೊತ್ತಿತ್ತು.

ಯಾಕೆ?

ಲಿವಿಯೊ


ರಿಯೆಕಾ, 18 ನವೆಂಬರ್ 1984

ಲಿವಿಯೊ,

ಎರಡು ತಿಂಗಳಲ್ಲಿ ಆರು ಪತ್ರ ಬರೆದು ಹರಿದೆ. ಇದನ್ನು ಎಡೊನ ಕೈಯಲ್ಲಿ ಕೊಟ್ಟು ಅಂಚೆಗೆ ಹಾಕಿಸುತ್ತಿದ್ದೇನೆ, ನನ್ನ ಹತ್ತಿರವೇ ಇದ್ದರೆ ಇದೂ ಹೋಗುವುದಿಲ್ಲ.

ಹೌದು, ಆಗಸ್ಟ್ 19. ಮಾವನ ಪರಿಚಯದ ವೈದ್ಯರು. ಬೆನ್ನು ಸರಿಯಾಗಿದೆ.

ಹೋದ ವರ್ಷ ಏಪ್ರಿಲಿನಲ್ಲಿ ಕಂಪನಿಯವನು ನಿನ್ನನ್ನು ಬದಲಾಯಿಸಿ ಎಂದಾಗ ಎಡೊ, "ಇವತ್ತೇ ಹೇಳಿಬಿಡೋ, ಮುಚ್ಚಿಟ್ರೆ ಕೊಳೆಯುತ್ತೆ" ಅಂದ. ನಾನು ಹೇಳುತ್ತೇನೆಂದೆ. ಮೂರು ಸಲ ಹೇಳಲೆಂದೇ ಬಂದೆ. ಒಮ್ಮೆ ನಿಮ್ಮ ಅಕ್ಕನ ಮದುವೆಯಲ್ಲಿ, ನೀನು ಕುಡಿದು ನನ್ನ ಹೆಗಲ ಮೇಲೆ ಕೈ ಹಾಕಿ ಹೊಸ ನಡೆಯೊಂದನ್ನು ಬಾಯಲ್ಲಿ ನುಡಿಸಿ ತೋರಿಸುತ್ತಿದ್ದೆ. ಆ ಮುಖಕ್ಕೆ ಹೇಗೆ ಹೇಳುವುದು? ಒಟ್ಟಿಗೆ ಸೈನ್ಯಕ್ಕೆ ಹೋಗೋಣವೆಂದದ್ದು ಮೊದಲು ನಿಜವಾಗಿಯೇ ಅಂದದ್ದು. ಹದಿನೈದು ತಿಂಗಳಲ್ಲಿ ಕಂಪನಿಯವನು ಮರೆಯುತ್ತಾನೆ, ನಿನ್ನ ಕೈಯೂ ತಾಳಕ್ಕೆ ನಿಲ್ಲುತ್ತದೆ ಎಂದುಕೊಂಡಿದ್ದೆ. ಆಮೇಲೆ ಮಾವ ಆ ಕಾಗದ ತಂದುಕೊಟ್ಟ. ಸೋಮವಾರದೊಳಗೆ ನಿನಗೆ ಹೇಳಬೇಕಿತ್ತು. ಕಾಲೇಜಿನ ಬಾಗಿಲ ಹೊರಗೆ ನಿಂತು, ಈಗ ಕೂಗಿದರೂ ಸಾಕು ಎಂದುಕೊಂಡೆ. ಇಪ್ಪತ್ತು ನಿಮಿಷ ಇತ್ತು. ಕೂಗಲಿಲ್ಲ. ನಾನು ಹೇಳಲಾರದ್ದನ್ನು ಸೈನ್ಯ ಹೇಳಲಿ ಎಂದು ಬಿಟ್ಟೆ. ಹೇಡಿತನ, ಇದಕ್ಕೆ ಬೇರೆ ಹೆಸರಿಲ್ಲ.

ಡಿಸೆಂಬರ್ 29ಕ್ಕೆ ಕ್ರೀಡಾಂಗಣದ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮ, ಐದು ಸಾವಿರ ಜನ. "ಉಪ್ಪಿನ ಮೂಟೆ"ಗೆ ವೇದಿಕೆ ಹತ್ತು. ಎರಡನೇ ಗಿಟಾರ್ ನಿನ್ನದು, ಇವತ್ತಿನಿಂದ ಎಂದೆಂದಿಗೂ. ನೀವೆಸ್ ಒಪ್ಪಿದ್ದಾಳೆ, ಎಡೊ ಒಪ್ಪಿದ್ದಾನೆ.

ಸಿನಿಶಾ


ರಿಯೆಕಾ, 21 ಡಿಸೆಂಬರ್ 1984

ಸಿನಿಶಾ,

ಬಂದು ಎರಡು ದಿನವಾಯಿತು. ಒಂದೇ ಊರಿನಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದೇನೆ, ಇದು ಕೊನೆಯದು.

ನಿನ್ನೆ ಕಾಲೇಜಿಗೆ ಹೋಗಿದ್ದೆ. ಮುಂದಿನ ಶರತ್ಕಾಲದಲ್ಲಿ ಬಾ, ಎರಡನೇ ವರ್ಷದಿಂದ ಶುರುಮಾಡು ಅಂದರು. ಅಲ್ಲಿಂದ ಬರುವಾಗ ಕಾಗದ ಕಾರ್ಖಾನೆಯ ಹಿಂದಿನ ದಾರಿ ಹಿಡಿದೆ. ನೆಲಮಾಳಿಗೆಯ ಕಿಟಕಿ ತೆರೆದಿತ್ತು, ನೀವು ಮೂವರೂ ಅಭ್ಯಾಸ ಮಾಡುತ್ತಿದ್ದಿರಿ. ರಸ್ತೆಯಲ್ಲಿ ನಿಂತು ಎರಡು ಹಾಡು ಪೂರ್ತಿ ಕೇಳಿದೆ. ಒಬ್ಬ ಮುದುಕಿ ಸಂತೆಚೀಲ ಹಿಡಿದು ನನ್ನ ಪಕ್ಕ ನಿಂತು ಕಾಲು ಕುಣಿಸಿದಳು.

ನಾನಿದ್ದಿದ್ದರೆ ಈ ರೆಕಾರ್ಡು ಹೀಗಾಗುತ್ತಿರಲಿಲ್ಲ. ಒಪ್ಪಿಕೊಳ್ಳಲು ಆರು ತಿಂಗಳು ಹಿಡಿಯಿತು, ಈಗ ಒಪ್ಪುತ್ತೇನೆ. ನಾನು ಓಡುತ್ತೇನೆ. ಅದು ನನಗೆ ಗೊತ್ತಿರಲಿಲ್ಲ, ಏಕೆಂದರೆ ಗೊತ್ತಿದ್ದವರು ಹೇಳಲಿಲ್ಲ. ಏಪ್ರಿಲಿನಲ್ಲೇ ನೀನು, "ಲೋ, ನಿನ್ನ ತಾಳ ಓಡುತ್ತೆ ಕಣೋ, ಬೇರೆಯವರನ್ನ ನೋಡ್ತಿದ್ದೀವಿ" ಅಂದಿದ್ದರೆ ಮೂರು ದಿನ ಮಾತುಬಿಡುತ್ತಿದ್ದೆ. ನಿನ್ನ ಗಿಟಾರನ್ನು ಸಮುದ್ರಕ್ಕೆ ಎಸೆಯುತ್ತೇನೆಂದು ಕೂಗಾಡುತ್ತಿದ್ದೆ. ನಾಲ್ಕನೇ ದಿನ ಕಾಫಿ ಕುಡಿಯಲು ಬರುತ್ತಿದ್ದೆ. ನನ್ನ ಕೂಗಾಟಕ್ಕೆ ಹೆದರಿ ನನ್ನನ್ನು ಹದಿನೈದು ತಿಂಗಳು ಆಚೆ ಹಾಕಿದೆ. ಬೇಸ್ ಹೋದದ್ದಕ್ಕಿಂತ ಇದು ಹೆಚ್ಚು ನೋಯುತ್ತದೆ.

ವೇದಿಕೆಗೆ ಬರುವುದಿಲ್ಲ. ಎರಡನೇ ಗಿಟಾರ್ ಬೇಡ, ಬೇಸ್ ಬಿಟ್ಟು ಬೇರೆ ಗಿಟಾರ್ ನನಗೆ ಬಾರದು, ಅದು ನಿನಗೂ ಗೊತ್ತು. ನೀವೆಸ್‌ಗೆ ಹೇಳು, ರೆಕಾರ್ಡಿನ ಮೂರನೇ ಹಾಡಿನ ಕೊನೆಯಲ್ಲಿ ಅವಳು ಸೇರಿಸಿದ ಸ್ವರಗಳ ಇಳಿಕೆ ನನಗೆ ಹಿಡಿಸಿತು. ಅದನ್ನು ಬಿಡದಿರಲಿ.

ಇನ್ನೊಂದು ಕೆಲಸ ಉಳಿದಿದೆ. ಅಮ್ಮ ನನ್ನ ಕಪ್ಪು ಅಂಗಿಗೆ ಇಸ್ತ್ರಿ ಮಾಡಿ ತೂಗುಹಾಕಿದ್ದಾಳೆ, 29ನೇ ತಾರೀಖು ನಾನು ನಿಮ್ಮ ಜೊತೆ ನಿಲ್ಲುತ್ತೇನೆಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದಾಳೆ. ಅವಳಿಗೆ ನಾನು ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮನೆಗೆ ಬಾ. ನಾನು ಅವಳ ಪಕ್ಕದಲ್ಲೇ ಕೂತಿರುತ್ತೇನೆ. ನೀನೇ ಅವಳಿಗೆ ಹೇಳು, ಏಪ್ರಿಲಿನಿಂದ ಶುರುಮಾಡಿ. ಬರೆದುಕೊಂಡು ಬರಬೇಡ, ಬಾಯಲ್ಲಿ ಹೇಳು.

ಲಿವಿಯೊ